ಗಿರಾಕಿಯ ಹೆಸರೂ ಒಂದು ಠೇವಣಿ

ಒಬ್ಬರ ಉದ್ರಿ ಬಾಕಿಯನ್ನು ಇನ್ನೊಬ್ಬ ಗಿರಾಕಿಯ ಮುಂದೆ ಹೇಳಬಾರದೆಂಬುದು ನಮ್ಮ ಹಿರಿಯರ ಅಂಗಡಿಯ ಶಿಸ್ತು. ಅದನ್ನು ಯಾವ ಕಾಯಿದೆಯೂ ಅವರಿಗೆ ಕಲಿಸಿರಲಿಲ್ಲ. ಈಗ ವಹಿಯ ಜಾಗಕ್ಕೆ ಕಂಪ್ಯೂಟರು, ಮೊಬೈಲು ಬಂದಿವೆ. ಜೊತೆಗೆ ಕಾಯಿದೆಯೂ ಬಂದಿದೆ.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪಿತ್ತಿತು. 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದಾಗ, ಒಪ್ಪಿಗೆಯ ಕಲಮುಗಳಿಗೆ ಸಿದ್ಧರಾಗಲು 18 ತಿಂಗಳ ಅವಧಿ ಕೊಡಲಾಯಿತು. ಕಾಗದದ ವಹಿಗೆ ಇದು ತಗಲದು. ಅದನ್ನೇ ಕಂಪ್ಯೂಟರಿಗೆ ಏರಿಸಿದರೆ ತಗಲುತ್ತದೆ.

ಒಪ್ಪಿಗೆ ಎಂದರೆ ಒತ್ತಾಯವಿಲ್ಲದೆ, ಉದ್ದೇಶ ತಿಳಿದು, ಸ್ಪಷ್ಟವಾಗಿ ಕೊಟ್ಟದ್ದು. ಗಿರಾಕಿ ಸುಮ್ಮನಿದ್ದರೆ ಅದು ಒಪ್ಪಿಗೆಯಲ್ಲ. ಬಿಲ್ಲು ಮೊಬೈಲಿಗೆ ಬರಲೆಂದು ಅವನಾಗಿಯೇ ನಂಬರು ಕೊಟ್ಟರೆ ಬಿಲ್ಲು ಕಳಿಸಬಹುದು. ಅದೇ ನಂಬರಿಗೆ ದೀಪಾವಳಿ ರಿಯಾಯಿತಿಯ ಜಾಹೀರಾತು ಕಳಿಸಲು ಬೇರೆಯಾಗಿಯೇ ಕೇಳಬೇಕು. ನಂಬರು ಕೊಡಲೇಬೇಕೆಂದು ಗಿರಾಕಿಯನ್ನು ಪೀಡಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇ ತಿಂಗಳಲ್ಲೇ ಸೂಚಿಸಿತ್ತು. ಕೊಟ್ಟ ಒಪ್ಪಿಗೆಯನ್ನು ಹಿಂದೆಗೆಯುವುದೂ ಕೊಟ್ಟಷ್ಟೇ ಸುಲಭವಾಗಿರಬೇಕು.

ಗಡಿನಾಡಿನ ನಮಗೆ ಇನ್ನೊಂದು ಮಾತು ಮುಖ್ಯ. ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಇಲ್ಲವೆ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಕೊಡಬೇಕು. ಸೊಲ್ಲಾಪುರದ ನಮ್ಮ ಅಂಗಡಿಯಲ್ಲಿ ಮರಾಠಿ ಗಿರಾಕಿ ಮರಾಠಿಯಲ್ಲಿ, ಆದೋನಿಯಲ್ಲಿ ತೆಲುಗಿನವನು ತೆಲುಗಿನಲ್ಲಿ ಕೇಳಬಹುದು. ಹಾಗೆಯೇ ಬ್ಯಾಂಕಿನವರು ನಮ್ಮ ಒಪ್ಪಿಗೆ ಕೇಳುವಾಗ ನಾವು ಕನ್ನಡ ಕೇಳಬಹುದು. ಓದಲಾಗದ ಕಾಗದಕ್ಕೆ ಸಹಿ ಹಾಕುವ ಅಭ್ಯಾಸ ಇನ್ನು ಸಾಕು.

ಮನೆಯೊಳಗಿನ ಸ್ವಂತ ಬಳಕೆಗೆ ಕಾಯಿದೆ ಅನ್ವಯಿಸುವುದಿಲ್ಲ. ಆದರೆ ಸಂಸ್ಥೆಯೊಂದು ವಧೂವರರ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸುವಾಗ ಒಪ್ಪಿಗೆ ಯಾರದು? 18 ತುಂಬಿದ ಮಗಳದೇ, ತಂದೆಯದಲ್ಲ. ಆಕೆಯ ಫೋಟೋ, ವಿದ್ಯೆ, ಸಂಬಳ ಎಷ್ಟು ಮೊಬೈಲುಗಳಲ್ಲಿ ಸುತ್ತುತ್ತಿವೆಯೆಂದು ಆಕೆಗೇ ತಿಳಿಯದ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. 18ರ ಒಳಗಿನ ಮಕ್ಕಳ ವಿವರಕ್ಕೆ ಮಾತ್ರ ತಂದೆತಾಯಿಯ ಒಪ್ಪಿಗೆ ಬೇಕು.

ಮಾಹಿತಿಯನ್ನು ತಕ್ಕ ಎಚ್ಚರಿಕೆಯಿಂದ ಕಾಯದಿದ್ದರೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. ಸಣ್ಣ ಅಂಗಡಿಗೆ ಅಷ್ಟು ಬೀಳದಿದ್ದೀತು; ಆದರೆ ಊರಿನಲ್ಲಿ ಹೋದ ನಂಬಿಕೆಗೆ ಅದಕ್ಕಿಂತ ಹೆಚ್ಚಿನ ಬೆಲೆಯಿದೆ. ಆದ್ದರಿಂದ ಈ ತಿಂಗಳೇ ಒಂದು ಸಂಜೆ ಕುಳಿತು ನೋಡೋಣ: ಯಾರ ಯಾವ ವಿವರ ನಮ್ಮಲ್ಲಿದೆ, ಏಕೆ ಇದೆ, ಕೇಳಿ ಪಡೆದದ್ದೇ? ಬೇಡವಾದದ್ದನ್ನು ಅಳಿಸೋಣ. ಉಳಿದದ್ದನ್ನು ಪರರ ಠೇವಣಿಯಂತೆ ಕಾಯೋಣ.