ನಗೆಯೂ ಭಯವೂ

ಸ್ಮರಣ ಸಂಚಿಕೆಯೊಂದು ಕೈಗೆ ಬಂದೊಡನೆ ನಾವು ಮೊದಲು ನೋಡುವುದು ಅದರ ಲೇಖನಗಳನ್ನಲ್ಲ, ಭಾವಚಿತ್ರಗಳನ್ನು. ಇದರಲ್ಲಿ ತಪ್ಪೇನೂ ಇಲ್ಲ. ಹಳೆಯ ವಿದ್ಯಾರ್ಥಿಯು ತರಗತಿಯ ಸಾಲಿನಲ್ಲಿ ತನ್ನ ಬಾಲ್ಯದ ಮುಖವನ್ನು ಹುಡುಕುತ್ತಾನೆ; ದಾನಿಗಳು ತಾವು ಬಹುಮಾನ ವಿತರಿಸಿದ ಮಕ್ಕಳನ್ನು ಹುಡುಕುತ್ತಾರೆ; ಅಧ್ಯಾಪಕರು ಎಲ್ಲರನ್ನೂ ಹುಡುಕುತ್ತಾರೆ. ಹಿಂದಿನ ಚಿತ್ರಗಳಲ್ಲಿ ಮಕ್ಕಳು ಕೈಕಟ್ಟಿ, ಬಾಯಿ ಬಿಗಿದು, ಪರೀಕ್ಷೆಗೆ ಕುಳಿತವರಂತೆ ಕುಳಿತಿರುತ್ತಿದ್ದರು. ಈಚಿನ ಚಿತ್ರಗಳಲ್ಲಿ ಛಾಯಾಗ್ರಾಹಕನ ಅಪ್ಪಣೆಯಂತೆ ಎಲ್ಲರೂ ಹಲ್ಲು ಕಾಣುವಂತೆ ನಗುತ್ತಾರೆ. ಹಲ್ಲು ಕಂಡರೆ ಸಂತೋಷ ಕಂಡಂತೆ ಎಂಬುದು ಎಲ್ಲರ ನಂಬಿಕೆ.

ಯೋಚಿಸಿದರೆ ಇದು ವಿಚಿತ್ರವಾದ ನಂಬಿಕೆ. ನಾಯಿಯು ಹಲ್ಲು ತೋರಿದರೆ ನಾವು ಹಿಂದೆ ಸರಿಯುತ್ತೇವೆ. ಮನುಷ್ಯನು ಹಲ್ಲು ತೋರಿದರೆ ಮುಂದೆ ಬರುತ್ತೇವೆ. ಕಚ್ಚುವ ಆಯುಧವನ್ನೇ ಪ್ರದರ್ಶಿಸಿ ಸ್ನೇಹವನ್ನು ಸೂಚಿಸುವ ಈ ಪದ್ಧತಿ ಎಲ್ಲಿಂದ ಬಂದಿತು? ಇದು ಕೇವಲ ಜೀವಶಾಸ್ತ್ರದ ಕುತೂಹಲವಾಗಿದ್ದರೆ ಈ ಸಂಚಿಕೆಯ ಪುಟಗಳನ್ನು ನಾನು ಬಳಸಿಕೊಳ್ಳುತ್ತಿರಲಿಲ್ಲ. ಶಾಲೆಯಲ್ಲಿ ಕಲಿಸುವವರಿಗೂ ಶಾಲೆಗೆ ನೆರವಾಗುವವರಿಗೂ ಈ ಪ್ರಶ್ನೆಯಿಂದ ತಿಳಿಯಬೇಕಾದುದು ಒಂದಿದೆ ಎಂಬುದು ನನ್ನ ಅಭಿಪ್ರಾಯ.

ನಮ್ಮ ನುಡಿಯೇ ಈ ವಿಷಯದಲ್ಲಿ ಎಚ್ಚರದಿಂದಿದೆ. ಕೋಪಗೊಂಡವನು ಹಲ್ಲು ಕಡಿಯುತ್ತಾನೆ; ದ್ವೇಷವುಳ್ಳವನು ಹಲ್ಲು ಮಸೆಯುತ್ತಾನೆ; ಪೆದ್ದನು ಹಲ್ಲು ಬಿಡುತ್ತಾನೆ; ತಪ್ಪು ಮಾಡಿ ಸಿಕ್ಕಿಬಿದ್ದವನು ಹಲ್ಲು ಕಿರಿಯುತ್ತಾನೆ; ದೈನ್ಯದಿಂದ ಬೇಡುವವನು ಹಲ್ಲು ಗಿಂಜುತ್ತಾನೆ. ನಿರ್ಮಲವಾದ ಸಂತೋಷಕ್ಕೆ ಮಾತ್ರ ಕನ್ನಡವು ಹಲ್ಲಿನ ಹೆಸರೆತ್ತದೆ ‘ಮುಗುಳ್ನಗೆ’ ಎಂದಿತು. ನಗೆಯು ಅಲ್ಲಿ ಮೊಗ್ಗಾಯಿತು. ಭರತನ ನಾಟ್ಯಶಾಸ್ತ್ರವೂ ಹಾಸವನ್ನು ಆರು ಬಗೆಯಾಗಿ ವಿಂಗಡಿಸುವಾಗ ಹಲ್ಲನ್ನು ಮರೆಯಲಿಲ್ಲ. ಹಲ್ಲು ಕಾಣದ ನಗೆ ‘ಸ್ಮಿತ’. ಹಲ್ಲು ತುಸುವೇ ಕಾಣುವ ನಗೆ ‘ಹಸಿತ’. ಉತ್ತಮ ಪಾತ್ರಗಳಿಗೆ ಸಲ್ಲುವವು ಇವೆರಡೇ. ಹಲ್ಲು ತೋರುವುದರಲ್ಲಿ ಸಂತೋಷದ ಜೊತೆಗೆ ಬೇರೆ ಏನೋ ಬೆರೆತಿರುತ್ತದೆಂದು ಹಿಂದಿನವರು ಬಲ್ಲವರಾಗಿದ್ದರು.

ಆ ‘ಬೇರೆ ಏನೋ’ ಎಂಬುದನ್ನು ವಿಜ್ಞಾನವು ಹುಡುಕಲು ತೊಡಗಿದುದು ಹತ್ತೊಂಬತ್ತನೆಯ ಶತಮಾನದಲ್ಲಿ. 1862ರಲ್ಲಿ ಫ್ರಾನ್ಸಿನ ವೈದ್ಯ ಡ್ಯುಶೆನ್ ಮುಖದ ಸ್ನಾಯುಗಳನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. ಮುಖಕ್ಕೆ ವಿದ್ಯುತ್ತನ್ನು ಹಾಯಿಸಿ, ಒಂದೊಂದೇ ಸ್ನಾಯುವನ್ನು ಚಲಿಸುವಂತೆ ಮಾಡಿ ಅವನು ಪರೀಕ್ಷಿಸಿದ್ದನು. ಕೆನ್ನೆಯ ಸ್ನಾಯುವು ತುಟಿಯ ಅಂಚನ್ನು ಮೇಲಕ್ಕೆಳೆದು ಹಲ್ಲು ಕಾಣಿಸುತ್ತದೆ. ಇದು ನಮ್ಮ ಇಚ್ಛೆಗೆ ಒಳಪಟ್ಟುದು. ಆದರೆ ಕಣ್ಣಿನ ಸುತ್ತಲಿನ ಸ್ನಾಯುವು ಹೃದಯದಲ್ಲಿ ಸಂತೋಷವಿಲ್ಲದೆ ಚಲಿಸುವುದಿಲ್ಲವೆಂದು ಅವನು ಹೇಳಿದನು. ಕೆಲವರು ಕಣ್ಣಂಚನ್ನೂ ಬೇಕೆಂದೇ ನೆರಿಗೆಗೊಳಿಸಬಲ್ಲರೆಂದು ಈಚಿನ ಅಧ್ಯಯನಗಳು ತೋರಿಸಿರುವುದರಿಂದ ಇದು ಕಟ್ಟುನಿಟ್ಟಾದ ನಿಯಮವಲ್ಲ. ಆದರೂ ಬಾಯಿಯ ನಗೆ ಬೇರೆ, ಕಣ್ಣಿನ ನಗೆ ಬೇರೆ ಎಂಬ ವಿವೇಕವು ಉಳಿದುಬಂದಿದೆ. ಡಾರ್ವಿನ್ ಮಹಾಶಯನು 1867ರಲ್ಲಿ ಮುಖಭಾವಗಳನ್ನು ಕುರಿತು ಹದಿನಾರು ಪ್ರಶ್ನೆಗಳನ್ನು ಅಚ್ಚು ಹಾಕಿಸಿ ನಾನಾ ದೇಶಗಳಿಗೆ ಕಳುಹಿಸಿದನು. ಕಲ್ಕತ್ತೆಯ ಸಸ್ಯೋದ್ಯಾನದಿಂದಲೂ ಅವನಿಗೆ ಉತ್ತರ ಹೋಯಿತು. 1872ರ ತನ್ನ ಗ್ರಂಥದಲ್ಲಿ ಅವನು ಡ್ಯುಶೆನ್ನನ ಚಿತ್ರಗಳನ್ನು ಬಳಸಿಕೊಂಡು, ಮನುಷ್ಯನ ಮುಖಭಾವಗಳಿಗೆ ಪ್ರಾಣಿಗಳಲ್ಲಿ ಬೇರುಗಳಿವೆಯೆಂದು ವಾದಿಸಿದನು.

ಈ ಬೇರನ್ನು ಹೆಚ್ಚು ಸ್ಪಷ್ಟವಾಗಿ ತೋರಿಸಿದವನು ಹಾಲೆಂಡಿನ ವಿಜ್ಞಾನಿ ವಾನ್ ಹೂಫ್. 1972ರ ತನ್ನ ಪ್ರಬಂಧದಲ್ಲಿ ಅವನು, ನಗುವುದು ಮತ್ತು ಮುಗುಳ್ನಗುವುದು ಒಂದೇ ಭಾವದ ಹೆಚ್ಚು ಕಡಿಮೆಗಳಲ್ಲ, ಎರಡು ಬೇರೆ ಮೂಲಗಳಿಂದ ಹೊರಟು ಮನುಷ್ಯನಲ್ಲಿ ಹತ್ತಿರವಾದ ಭಾವಗಳು ಎಂದನು. ಗಹಗಹಿಸುವ ನಗೆಯು ಮರಿಕೋತಿಗಳು ಆಟವಾಡುವಾಗ ಸಡಿಲವಾಗಿ ಬಾಯಿ ತೆರೆಯುವ ಭಂಗಿಯಿಂದ ಬಂದುದು. ಹಲ್ಲು ತೋರುವ ಮೌನದ ನಗೆಯಾದರೋ, ದುರ್ಬಲ ಪ್ರಾಣಿಯು ಬಲಿಷ್ಠ ಪ್ರಾಣಿಯ ಮುಂದೆ ತುಟಿಗಳನ್ನು ಹಿಂದಕ್ಕೆಳೆದು ಹಲ್ಲು ಕಾಣಿಸಿ ಸುಮ್ಮನೆ ನಿಲ್ಲುವ ಭಂಗಿಯಿಂದ ಬಂದುದು. ಬೆಟ್ಟದ ದೇವಾಲಯಗಳಿಗೆ ಹೋದವರು ಇದನ್ನು ಕಂಡಿರಬಹುದು. ಬಂಡೆಯ ಮೇಲೆ ಕುಳಿತ ಸಣ್ಣ ಕೋತಿಯ ಬಳಿಗೆ ದೊಡ್ಡ ಗಡವವು ಬಂದಾಗ ಸಣ್ಣದು ಹಲ್ಲು ತೋರಿ ಪಕ್ಕಕ್ಕೆ ಸರಿಯುತ್ತದೆ. ನೋಡುವವರು ‘ನಗುತ್ತಿದೆ’ ಎನ್ನುತ್ತಾರೆ. ಅದು ನಗುತ್ತಿಲ್ಲ; ‘ನಾನು ನಿನಗೆ ಎದುರಾಗುವವನಲ್ಲ, ನನ್ನನ್ನು ಹೊಡೆಯಬೇಡ’ ಎನ್ನುತ್ತಿದೆ.

ಇಲ್ಲಿಗೇ ಮುಗಿದಿದ್ದರೆ ಇದು ಖಿನ್ನತೆಯ ಕಥೆಯಾಗುತ್ತಿತ್ತು. ಆದರೆ ಮುಂದಿನ ಸಂಗತಿಯೇ ನನಗೆ ಮುಖ್ಯವಾಗಿ ತೋರಿದೆ. ಉತ್ತರ ಭಾರತದ ರೀಸಸ್ ಕೋತಿಗಳ ಗುಂಪಿನಲ್ಲಿ ಮೇಲು ಕೀಳಿನ ಕಟ್ಟಳೆ ಬಹಳ ಬಿಗಿ. ಅಲ್ಲಿ ಹಲ್ಲು ತೋರುವುದು ಕೀಳಾದುದು ಮೇಲಾದುದಕ್ಕೆ ಒಪ್ಪಿಸುವ ಕಾಣಿಕೆ. ಇಂಡೊನೇಷ್ಯದ ಸುಲಾವೆಸಿ ದ್ವೀಪದ ಟೊಂಕಿಯನ್ ಕೋತಿಗಳಲ್ಲಿ ಆ ಕಟ್ಟಳೆ ಸಡಿಲ. ಅಲ್ಲಿ ದೊಡ್ಡದು ಸಣ್ಣದಕ್ಕೂ, ಸಣ್ಣದು ದೊಡ್ಡದಕ್ಕೂ ಹಲ್ಲು ತೋರುತ್ತವೆ. ಅದರ ಅರ್ಥ ಸ್ನೇಹ. ಚಿಂಪಾಂಜಿಗಳಲ್ಲಿಯೂ ಬಲಿಷ್ಠನು ದುರ್ಬಲನಿಗೆ ಹಲ್ಲು ತೋರಿ ಧೈರ್ಯ ತುಂಬುವುದುಂಟು. ಹಲ್ಲು ಅದೇ, ತುಟಿಯ ಚಲನೆಯೂ ಅದೇ. ಅದು ಭಯವೋ ಸ್ನೇಹವೋ ಎಂಬುದನ್ನು ನಿರ್ಧರಿಸುವುದು ಆ ಗುಂಪಿನ ನಡವಳಿಕೆ.

ಮನುಷ್ಯನ ನಗೆಯೂ ಇತರರತ್ತ ತಿರುಗಿದ ಮಾತೇ ಆಗಿದೆ. ಕ್ರಾಟ್ ಮತ್ತು ಜಾನ್‌ಸ್ಟನ್ ಎಂಬ ಅಮೆರಿಕದ ವಿದ್ವಾಂಸರು 1979ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ಸಾಕ್ಷಿ. ಭಾರವಾದ ಚೆಂಡನ್ನು ಉರುಳಿಸಿ ದೂರದ ಗೂಟಗಳನ್ನು ಕೆಡಹುವ ಆಟದಲ್ಲಿ, ಗೂಟಗಳೆಲ್ಲ ಬಿದ್ದರೂ ಆಟಗಾರನು ಗೂಟಗಳತ್ತ ಮುಖಮಾಡಿರುವಾಗ ನಗುವುದು ವಿರಳ. ತನ್ನ ಗೆಳೆಯರತ್ತ ತಿರುಗಿದಾಗ ನಗುತ್ತಾನೆ. ಎಂದರೆ, ಸಂತೋಷ ಉಕ್ಕಿದುದರಿಂದ ಮಾತ್ರವೇ ನಗೆ ಬರುವುದಿಲ್ಲ. ಎದುರಿಗೆ ಮನುಷ್ಯರಿರುವುದರಿಂದಲೂ ಬರುತ್ತದೆ. ‘ನಾನು ಹೀಗಿದ್ದೇನೆ’ ಎನ್ನುವುದಕ್ಕಿಂತ ‘ನೀವು ನನ್ನೊಡನೆ ಹೀಗಿರಿ’ ಎನ್ನುವುದೇ ಅದರ ಮುಖ್ಯ ಕೆಲಸ.

ಇನ್ನು ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ಅದು ನನ್ನದೇ ತಪ್ಪಿನ ಕಥೆ. ಬಹಳ ವರ್ಷಗಳ ಹಿಂದೆ, ಬೇರೊಂದು ಊರಿನ ಪ್ರೌಢಶಾಲೆಯಲ್ಲಿ ನಾನು ಅಧ್ಯಾಪಕನಾಗಿದ್ದಾಗ, ಎಂಟನೆಯ ತರಗತಿಯ ಹುಡುಗನೊಬ್ಬನು ತಡವಾಗಿ ಬಂದು ಬಾಗಿಲಲ್ಲಿ ನಿಂತನು. ಏಕೆ ತಡವೆಂದು ಕೇಳಿದೆ. ಅವನು ಹಲ್ಲು ಬಿಟ್ಟನು. ಮತ್ತೆ ಗದರಿಸಿದೆ; ಹಲ್ಲು ಇನ್ನಷ್ಟು ಕಂಡಿತು. “ಕೇಳಿದರೆ ಹಲ್ಲು ಕಿರಿಯುತ್ತೀಯಾ?” ಎಂದು ಕೆನ್ನೆಗೆ ಹೊಡೆದೆ. ಅವನ ಕಣ್ಣಲ್ಲಿ ನೀರು ಬಂದಿತು, ಬಾಯಿ ಮಾತ್ರ ನಗುತ್ತಲೇ ಇತ್ತು. ಇದನ್ನು ಉದ್ಧಟತನವೆಂದೇ ತಿಳಿದು ಇನ್ನೊಂದು ಏಟು ಕೊಟ್ಟೆ. ಸಂಜೆ ಅವನ ಜೊತೆಗಾರನಿಂದ ವಿಷಯ ತಿಳಿಯಿತು. ಕಬ್ಬು ಕಡಿಯುವ ಹಂಗಾಮಿಗೆ ತನ್ನೊಡನೆ ಬರಬೇಕೆಂದು ತಂದೆಯು ಆ ಬೆಳಿಗ್ಗೆ ಕರೆಯಲು ಬಂದಿದ್ದನು. ಹುಡುಗನು ಶಾಲೆ ಬಿಡಲಾರೆನೆಂದು ಹೇಳಿ, ತಂದೆಯನ್ನು ಬಸ್ಸಿಗೆ ಹತ್ತಿಸಿ, ಓಡುತ್ತ ಬಂದಿದ್ದನು. ಮರುದಿನ ನನ್ನನ್ನು ಕಂಡೊಡನೆ ಅವನ ಮುಖದಲ್ಲಿ ಮತ್ತೆ ಅದೇ ನಗೆ ಮೂಡಿತು. ‘ಹುಡುಗ ಮರೆತಿದ್ದಾನೆ’ ಎಂದು ನಾನು ಸಮಾಧಾನಪಟ್ಟುಕೊಂಡೆ. ಬಂಡೆಯ ಮೇಲಿನ ಸಣ್ಣ ಕೋತಿಯ ವಿಚಾರವನ್ನು ಓದಿದ ದಿನ ಆ ಮುಖವು ನೆನಪಾಗಿ ಪುಸ್ತಕವನ್ನು ಮುಚ್ಚಿಟ್ಟೆ.

1995ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಕೆಲ್ಟ್‌ನರ್, ಮುಜುಗರಗೊಂಡವರ ಲಕ್ಷಣಗಳನ್ನು ವಿವರಿಸಿದನು: ದೃಷ್ಟಿ ಕೆಳಗಿಳಿಯುತ್ತದೆ, ತಲೆ ಪಕ್ಕಕ್ಕೆ ತಿರುಗುತ್ತದೆ, ತಡೆಯಲೆತ್ನಿಸಿದರೂ ನಗೆಯೊಂದು ಮೂಡುತ್ತದೆ. ಎದುರಿನವರ ಕೋಪವನ್ನು ಶಮನಗೊಳಿಸುವುದೇ ಇದರ ಉದ್ದೇಶ ಎಂದು ಅವನ ಅಭಿಪ್ರಾಯ. ಬೈಸಿಕೊಳ್ಳುವಾಗ ನಗುವ ಮಗುವಿನಲ್ಲಿ ಇವೆಲ್ಲವನ್ನೂ ನಾವು ನಿತ್ಯ ಕಾಣುತ್ತೇವೆ. ಎಂತಹ ವಿಪರೀತ ನೋಡಿ: ಕ್ಷಮೆಯನ್ನು ಬೇಡುವ ಮುಖವನ್ನೇ ನಾವು ಅವಿಧೇಯತೆಯ ಮುಖವೆಂದು ಓದುತ್ತೇವೆ, ಹೊಡೆಯಬೇಡವೆಂಬ ಬಿನ್ನಹವೇ ಹೊಡೆತಕ್ಕೆ ಕಾರಣವಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. 2010ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಕಾಯಿದೆಯು ಕೈಯನ್ನು ತಡೆಯಬಲ್ಲದು. ಕಣ್ಣಿಗೆ ಓದು ಕಲಿಸಲಾರದು. ಅದನ್ನು ಅಧ್ಯಾಪಕನೇ ಕಲಿಯಬೇಕು.

ಎಲ್ಲ ನಗೆಯೂ ಭಯದ ನಗೆಯಲ್ಲ, ಕೆಲವು ಮಕ್ಕಳು ನಿಜವಾಗಿಯೂ ತುಂಟತನದಿಂದ ನಗುತ್ತಾರೆ ಎಂದು ನನ್ನ ವೃತ್ತಿಬಾಂಧವರು ಹೇಳಬಹುದು. ಒಪ್ಪುತ್ತೇನೆ. ಆದರೆ ತುಂಟನನ್ನು ಹೆದರಿದವನೆಂದು ತಪ್ಪು ತಿಳಿದರೆ ಒಂದು ದಿನದ ಶಿಸ್ತು ಕೆಟ್ಟೀತು. ಹೆದರಿದವನನ್ನು ತುಂಟನೆಂದು ತಪ್ಪು ತಿಳಿದರೆ ಒಂದು ಮಗುವಿನ ವಿಶ್ವಾಸವೇ ಕೆಡುತ್ತದೆ. ಎರಡರಲ್ಲಿ ಯಾವ ತಪ್ಪು ಮಾಡಬೇಕೆಂಬುದು ಕಷ್ಟದ ಲೆಕ್ಕವೇನೂ ಅಲ್ಲ.

ದಾನಿಗಳಲ್ಲಿಯೂ ಒಂದು ವಿನಮ್ರ ಬಿನ್ನಹವಿದೆ. ವಿದ್ಯಾರ್ಥಿವೇತನ ವಿತರಣೆಯ ದಿನ ಬಡ ಮಗುವನ್ನು ವೇದಿಕೆಗೆ ಕರೆದು, ಹೆಸರಿನೊಡನೆ ಅದರ ಮನೆಯ ಬಡತನವನ್ನೂ ಧ್ವನಿವರ್ಧಕದಲ್ಲಿ ಸಾರಿ, ‘ನಗು’ ಎಂದು ಹೇಳಿ ಚಿತ್ರ ತೆಗೆಯುವ ಪದ್ಧತಿಯು ಹಲವು ಕಡೆ ಇದೆ. ಆ ಮಗು ನಗುತ್ತದೆ. ಆ ನಗೆಗೆ ಕನ್ನಡದಲ್ಲಿರುವ ಹೆಸರು ಮುಗುಳ್ನಗೆಯಲ್ಲ. ಅದನ್ನು ಮೇಲೆಯೇ ಹೇಳಿದ್ದೇನೆ. ಶರಣರು ನಮಗೆ ಬಿಟ್ಟುಹೋದ ಪದ ‘ದಾನ’ವಲ್ಲ, ‘ದಾಸೋಹ’. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸನು. ಕಾಯಕದಿಂದ ಗಳಿಸಿದುದನ್ನು ಸಮಾಜಕ್ಕೆ ಸಲ್ಲಿಸಿ ತಾನೇ ಕೃತಜ್ಞನಾಗುವವನು. ಹನ್ನೆರಡನೆಯ ಶತಮಾನದಲ್ಲಿ ಮೇಲು ಕೀಳಿನ ಕಟ್ಟಳೆಯನ್ನು ಮುರಿಯಲು ಹೊರಟವರ ಹೆಸರಿನಲ್ಲಿ ನಡೆಯುವ ಶಾಲೆಯಲ್ಲಿ ಮಗುವು ಹಲ್ಲು ಗಿಂಜಿ ಪಡೆಯುವಂತಾಗಬಾರದು. ಪ್ರಸಾದ ನಿಲಯದ ಪಂಕ್ತಿಯಲ್ಲಿ ಕುಳಿತ ಮಗುವು ತಟ್ಟೆಯ ಮುಂದೆ ಯಾರಿಗೂ ನಗೆಯನ್ನು ಒಪ್ಪಿಸಬೇಕಾಗಿಲ್ಲ. ವೇದಿಕೆಯೂ ಹಾಗೆಯೇ ಇರಲಿ.

ಹಳೆಯ ವಿದ್ಯಾರ್ಥಿಗಳು ಇಂದು ಕಚೇರಿಗಳಲ್ಲಿ, ವ್ಯಾಪಾರದಲ್ಲಿ, ಆಡಳಿತದಲ್ಲಿ ಇದ್ದಾರೆ. ಮೇಲಧಿಕಾರಿಯ ಮುಂದೆ ತಾವು ನಗುವ ನಗೆ ಯಾವುದು, ತಮ್ಮ ಕೈಕೆಳಗಿನವರು ತಮ್ಮ ಮುಂದೆ ನಗುವ ನಗೆ ಯಾವುದು ಎಂದು ಅವರೂ ಒಮ್ಮೆ ನೋಡಿಕೊಳ್ಳಬಹುದು. ಶಾಲೆಯಲ್ಲಿ ಅಭ್ಯಾಸವಾದ ಭಯದ ನಗೆಯು ಪ್ರಮಾಣಪತ್ರದೊಡನೆ ಹೊರಗೆ ಬರುತ್ತದೆ.

ಶಾಲೆಯ ಪರೀಕ್ಷಾ ಫಲಿತಾಂಶ, ಕಟ್ಟಡ, ಕ್ರೀಡಾ ಪಾರಿತೋಷಕಗಳ ವಿವರವನ್ನು ಸಂಚಿಕೆಯು ಬೇರೆಡೆ ಕೊಟ್ಟಿದೆ. ಇನ್ನೊಂದು ಪರೀಕ್ಷೆಯನ್ನು ಓದುಗರೇ ಮಾಡಬಹುದು. ಈ ಪುಟವನ್ನು ಮುಗಿಸಿ ಭಾವಚಿತ್ರಗಳಿಗೆ ಹಿಂದಿರುಗಿ. ಮಕ್ಕಳ ಬಾಯಿಯ ಮೇಲೆ ಒಂದು ಚೂರು ಕಾಗದವನ್ನಿಟ್ಟು ಕಣ್ಣುಗಳನ್ನು ಮಾತ್ರ ನೋಡಿ. ಅಲ್ಲಿಯೂ ನಗೆ ಕಂಡರೆ ಈ ಶಾಲೆ ಸರಿಯಾದ ದಾರಿಯಲ್ಲಿದೆ. ಕಾಣದಿದ್ದರೆ, ತಪ್ಪು ಛಾಯಾಗ್ರಾಹಕನದಲ್ಲ.