ಮತ ಎಣಿಸಿದ ಮೇಲಿನ ಪಾಠ

ನಮ್ಮ ಹಲವು ಶಾಲೆಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತಿದೆ. ಬಾಲಕ ಬಾಲಕಿಯರು ಅಭ್ಯರ್ಥಿಗಳಾಗಿ ನಿಂತು, ಗುಟ್ಟಾಗಿ ಮತವಿತ್ತು, ಎಣಿಕೆಯನ್ನು ಕಂಡು ಹರ್ಷಿಸುತ್ತಾರೆ. ಇದು ಸ್ತುತ್ಯವೇ ಸರಿ. ಆದರೆ ಎಣಿಕೆಯೊಡನೆ ಪಾಠವೂ ಮುಗಿಯುವುದಾದರೆ, ಮಕ್ಕಳು ಕಲಿತದ್ದು ಗೆಲ್ಲುವ ಬಗೆಯೇ ಹೊರತು ಪ್ರಜಾಪ್ರಭುತ್ವವಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಉಪಾಧ್ಯಾಯರು ಇದಕ್ಕೆ ದೃಷ್ಟಾಂತವನ್ನು ದೂರದಲ್ಲಿ ಅರಸಬೇಕಾಗಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು, ಗೇಣಿಯ ಭತ್ತವನ್ನಳೆಯುವ ಕೊಳಗವು ನ್ಯಾಯವಾದುದೇ ಎಂದು ಜಮೀನಿನ ಒಡೆಯರನ್ನು ಪ್ರಶ್ನಿಸಿ, ಸತ್ಯಾಗ್ರಹ ಹೂಡಿ ಸೆರೆಮನೆ ಕಂಡರು. ಅವರ ಪರವಾಗಿ ನಿಂತ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಶಾಸನಸಭೆಗೆ ಆರಿಸಿಬಂದರು, 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಪುನಃ ಗೆದ್ದರು. ಗೆದ್ದಾಗಲೂ ಅವರಿಗೆ ದೊರೆತದ್ದು ವಿರೋಧಪಕ್ಷದ ಪೀಠವೇ. ಆ ಪೀಠದಿಂದಲೂ ನಾಡಿನ ಸೇವೆ ಸಾಧ್ಯವೆಂಬುದನ್ನು ಈ ಸೀಮೆ ಕಂಡಿದೆ.

ಆದುದರಿಂದ ನಮ್ಮ ಸೂಚನೆಯಿಷ್ಟು: ಶಾಲಾ ಸಂಸತ್ತಿನಲ್ಲಿ ಸೋತ ಅಭ್ಯರ್ಥಿಗೂ ಸ್ಥಾನವಿರಲಿ. ಸಭೆ ತಿಂಗಳಿಗೊಮ್ಮೆಯಾದರೂ ಸೇರಲಿ. ಎದುರಾಳಿಯ ಮಾತನ್ನು ಅವನೇ ಒಪ್ಪುವಂತೆ ಹೇಳಿ ತೋರಿಸಿದ ಬಳಿಕವೇ ಅದನ್ನು ಖಂಡಿಸುವ ನಿಯಮವಿರಲಿ. ಬಿಸಿಯೂಟ, ಕುಡಿಯುವ ನೀರು, ಶೌಚಾಲಯಗಳ ಕುರಿತು ಮಕ್ಕಳು ಕೇಳಿದ ಪ್ರಶ್ನೆಗೆ ಮುಖ್ಯೋಪಾಧ್ಯಾಯರು ಸಭೆಯಲ್ಲಿಯೇ ಉತ್ತರ ಕೊಡಲಿ.

ಇದರಿಂದ ಶಿಸ್ತು ಕೆಡುವುದೆಂದು ಕೆಲವರು ಶಂಕಿಸಬಹುದು. ವಿನಯದಿಂದ ಪ್ರಶ್ನಿಸಲು ಎಡೆ ದೊರೆಯದ ಮಗುವು ಮುಂದೆ ಅಬ್ಬರಿಸುವುದನ್ನೋ ಬಾಯಿ ಮುಚ್ಚಿಕೊಳ್ಳುವುದನ್ನೋ ಕಲಿಯುತ್ತದೆ; ಎರಡೂ ಶಿಸ್ತಲ್ಲ. 18 ತುಂಬಿದೊಡನೆ ಮತದ ಹಕ್ಕು ತಾನಾಗಿ ಬರುತ್ತದೆ. ಅದನ್ನು ಬಳಸುವ ವಿವೇಕ ತಾನಾಗಿ ಬಾರದು. ವಿದ್ಯಾಧಿಕಾರಿಗಳು ಇದನ್ನು ಮನಸ್ಸಿಗೆ ತಂದುಕೊಳ್ಳುವರೆಂದು ನಂಬುತ್ತೇವೆ.