ಹಾಲಿನ ಲೋಟ, ಸಭೆಯ ಚೀಟಿ
ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರ ಒಲೆ ಬೆಳಗಾಗುತ್ತಲೇ ಹೊತ್ತುತ್ತದೆ. ಆ ಗಡಿಬಿಡಿಯಲ್ಲಿ ಎಷ್ಟೋ ಮಕ್ಕಳು ಖಾಲಿ ಹೊಟ್ಟೆಯಲ್ಲೇ ಶಾಲೆಗೆ ಬರುತ್ತವೆ. ಅಂಥವರಿಗೆ 2013ರಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯ 150 ಮಿ.ಲೀ. ಬಿಸಿ ಹಾಲೇ ಆಸರೆ. 2024ರಿಂದ ವಾರಕ್ಕೆ ಮೂರು ದಿನ ಅದಕ್ಕೆ ರಾಗಿ ಹೆಲ್ತ್ ಮಿಕ್ಸ್ ಬೆರೆಯುತ್ತಿದೆ. ಇದಕ್ಕೆ ಸರ್ಕಾರದ ಜೊತೆ ಕೈಜೋಡಿಸಿದ್ದು ನಮ್ಮ ಮುದ್ದೇನಹಳ್ಳಿಯ ಅನ್ನಪೂರ್ಣ ಟ್ರಸ್ಟ್ ಎಂಬುದು ನನಗಂತೂ ಹೆಮ್ಮೆ. ಈ ಹಾಲು ತಪ್ಪದಂತೆ ಮಕ್ಕಳನ್ನು ಪ್ರಾರ್ಥನೆಯ ಹೊತ್ತಿಗೇ ಕಳಿಸಿ. ಬಿಸಿಯೂಟದ ಜೊತೆ ಮಗುವಿಗೆ ಮೊಟ್ಟೆಯೋ ಬಾಳೆಹಣ್ಣೋ ಎಂಬುದನ್ನು ಮೇಷ್ಟ್ರಿಗೆ ಮೊದಲೇ ತಿಳಿಸಿಬಿಡಿ. ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ಚೀಟಿ ಬಂದರೆ ಅಮ್ಮಂದಿರೂ ಹೋಗಿ: ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಗೂಡು ಬೇಯಿಸುವ ಹೊತ್ತಿಗೆ ಸಭೆ ಇಟ್ಟರೆ ಅಮ್ಮಂದಿರು ಹೇಗೆ ಬಂದಾರು? ಸಂಜೆಗೆ ಇಡಿ ಎಂದು ಮುಖ್ಯ ಶಿಕ್ಷಕರನ್ನು ಧೈರ್ಯವಾಗಿ ಕೇಳಿ.